ಮೇಲಿನಿಂದ ಕಂಡ ಗುರುತು

ಚಂದ್ರನ ಮೇಲಿನ ಕುಳಿಗಳನ್ನು ಗುರುತಿಸುವುದೇನು ಮಹಾ ಅಂತ ಕೇಳುವವರಿದ್ದಾರೆ. ನಕಾಶೆಯಲ್ಲಾದರೆ ಹೌದು, ಎಲ್ಲವೂ ದುಂಡಗೆ, ಹೆಸರು ಹಚ್ಚಿಕೊಂಡು ಸಾಧುಗಳ ಹಾಗೆ ಕೂತಿರುತ್ತವೆ. ನೌಕೆ ಓರೆಯಾಗಿ ಹಾರುತ್ತಾ ತೆಗೆದ ಚಿತ್ರ ನೋಡಬೇಕು! ದುಂಡಗಿದ್ದದ್ದು ಅವರೆಕಾಳಾಗಿರುತ್ತದೆ, ಅರ್ಧ ನೆರಳಲ್ಲಿ ಮುಳುಗಿರುತ್ತದೆ. ಬೆಳಕು ಚಿತ್ರದ ಕೆಳಬದಿಯಿಂದ ಬಿದ್ದಿದ್ದರಂತೂ ಹಳ್ಳವೇ ಗುಡ್ಡವಾಗಿ ಉಬ್ಬಿ ಅಣಕಿಸುತ್ತದೆ. ತಿರುವನಂತಪುರದ ಕಚೇರಿಯಲ್ಲಿ ಇಂಥ ಚಿತ್ರಗಳ ಮುಂದೆ ಕೂತು, ಇದು ಇಂಥದ್ದೇ ಕುಳಿ ಎಂದು ಹೇಳುವುದು ಅಪೂರ್ವಾಳ ಕೆಲಸ. ಮೈಸೂರಿನವಳು, ತಲೆ ಚುರುಕು, ನಾಲಗೆ ಇನ್ನೂ ಚುರುಕು.

ಹೊಸದಾಗಿ ಸೇರಿದ ಸಮೀಕ್ಷಾಗೆ ಅವಳು ಹೇಳಿಕೊಟ್ಟಿದ್ದು ಇಷ್ಟೇ: "ಕುಳೀನ ನೋಡ್ಬೇಡ ಕಣೆ, ಆಕಾರ ಮೋಸ ಮಾಡುತ್ತೆ. ಅಕ್ಕಪಕ್ಕ ಏನೇನಿದೆ, ಎಷ್ಟೆಷ್ಟು ದೂರದಲ್ಲಿದೆ ಅದನ್ನ ನೋಡು. ಮತ್ತೆ, ಇದೇ ಆಗಿರ್ಲಿ ಅಂತ ಆಸೆ ಇಟ್ಕೊಂಡು ಮಾತ್ರ ನೋಡ್ಬೇಡ. ಆಸೆಪಟ್ರೆ ಎಲ್ಲಾ ಕುಳೀನೂ ನಿಂದೇ."

ಹೀಗೆ ಬುದ್ಧಿ ಹೇಳಿದವಳ ಗಂಡನೇ ಕಾಣೆಯಾದ. ಕಿಶನ್ ಎರ್ನಾಕುಲಂನಲ್ಲಿ ಬ್ಯಾಂಕ್ ಅಧಿಕಾರಿ. ವಾರವೆಲ್ಲ ಇವಳು ತಿರುವನಂತಪುರದಲ್ಲಿ, ಅವನು ಎರ್ನಾಕುಲಂನಲ್ಲಿ; ಶನಿವಾರ ರೈಲು ಹತ್ತಿ ಇವಳು ಅಲ್ಲೇ ಪಕ್ಕದ ತ್ರಿಪ್ಪುಣಿತ್ತುರದ ಮನೆಗೆ ಬರುವುದು. ಒಂದು ಶನಿವಾರ ಅವನು ಸ್ಟೇಷನ್ನಿಗೆ ಬರಲಿಲ್ಲ, ಮನೆಯಲ್ಲೂ ಇರಲಿಲ್ಲ. ಕೆಲವು ವಾರಗಳ ಮೇಲೆ ಹಿನ್ನೀರಿನಲ್ಲಿ ಒಂದು ಹೆಣ ಸಿಕ್ಕಿತು. ಮುಖ ನೋಡಿ ಹೇಳುವ ಸ್ಥಿತಿ ಇರಲಿಲ್ಲ. ಅಂಗಿ ಅಣ್ಣನದೇ ಎಂದು ಮೈದುನ ಸುಮಂತ್ ಅತ್ತ. "ಅಂಥ ಅಂಗಿ ಊರಲ್ಲಿ ಸಾವಿರ ಜನ ಹಾಕ್ಕೋತಾರೆ," ಎಂದು ಅಪೂರ್ವಾ ಹಠ ಹಿಡಿದಳು. ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ಅಷ್ಟರೊಳಗೆ ಅವಳಿಗೆ ಎಲ್ಲೆಲ್ಲೂ ಅವನೇ: ಬಸ್ಸಿನ ಕಿಟಕಿಯಲ್ಲಿ, ಲಿಫ್ಟಿನ ಬಾಗಿಲು ಮುಚ್ಚುವಾಗ, ಕೊನೆಗೆ ಕಚೇರಿಯ ಪರದೆಯಲ್ಲಿ, ನೆರಳು ತುಂಬಿದ ಕುಳಿಗಳ ನಡುವೆ ಬೆನ್ನು ಹಾಕಿ ನಿಂತ ಹಾಗೆ. ಚಿತ್ರವನ್ನು ತಿರುಗಿಸಿದರೆ ಅಲ್ಲಿ ಬರೀ ಕಲ್ಲು. ಅವಳಿಗೆ ತನ್ನ ಕಣ್ಣಿನ ಮೇಲೇ ಭಯ ಹುಟ್ಟಿತ್ತು.

ಆಗ ಕೊಚ್ಚಿಯಿಂದ, ಕಿಶನ್‌ನನ್ನು ಹುಡುಕುತ್ತಿದ್ದ ಪೊಲೀಸ್ ಅಶ್ರಫ್ ಫೋನು ಮಾಡಿದ. ಕಾಸರಗೋಡಿನವನು, ಕನ್ನಡ ಶಾಲೆಯಲ್ಲಿ ಓದಿದವನು. "ಮೇಡಂ, ಎಡಪ್ಪಳ್ಳಿಯ ಶಾಪಿಂಗ್ ಮಾಲಿನ ಕ್ಯಾಮರಾದಲ್ಲಿ ಒಬ್ಬರು ಇದ್ದಾರೆ. ನಿಮ್ಮವರ ಹಾಗೇ ಕಾಣ್ತದೆ. ಹೆಣ ಸಿಕ್ಕಿದ ಮರುದಿನದ್ದು. ಒಮ್ಮೆ ಬಂದು ನೋಡಿ ಮಾರಾಯ್ರೆ."

ಮರುದಿನದ್ದು! ಅವನೇ ಆಗಿದ್ದರೆ ಹೆಣ ಬೇರೆ ಯಾರದೋ. ತನ್ನನ್ನು ಬಿಟ್ಟು ಹೋಗಿದ್ದರೂ ಹೋಗಲಿ, ಬದುಕಿದ್ದರೆ ಸಾಕು ಎಂದು ರೈಲಿನುದ್ದಕ್ಕೂ ಅವಳು ಜಪಿಸುತ್ತಾ ಬಂದಳು.

ಕ್ಯಾಮರಾ ಛಾವಣಿಯಲ್ಲಿತ್ತು. ಠಾಣೆಯ ಕಂಪ್ಯೂಟರಿನಲ್ಲಿ ಕಂಡದ್ದು ಒಂದು ನೆತ್ತಿ, ಎರಡು ಭುಜ, ಹೆಜ್ಜೆ ಹಾಕುವಾಗ ಇಣುಕುವ ಚಪ್ಪಲಿಯ ತುದಿ. ಅಯ್ಯೋ, ಕಟ್ಟಿಕೊಂಡ ಗಂಡನ ನೆತ್ತಿಯನ್ನು ಯಾವ ಹೆಂಡತಿ ನೋಡಿಟ್ಟುಕೊಂಡಿರುತ್ತಾಳೆ?

"ಅಣ್ಣ ಇಷ್ಟು ಬಗ್ಗಿ ನಡಿಯುದಿಲ್ಲ ಅತ್ತಿಗೆ," ಎಂದ ಜೊತೆಗೆ ಬಂದಿದ್ದ ಸುಮಂತ್.

"ಸುಮ್ನಿರು. ಮೇಲಿಂದ ನೋಡಿದ್ರೆ ಎಲ್ರೂ ಹಾಗೇ ಕಾಣ್ತಾರೆ."

ಅವಳು ಆ ಮನುಷ್ಯನನ್ನು ಬಿಟ್ಟು ಅಕ್ಕಪಕ್ಕ ನೋಡಿದಳು. ಅಷ್ಟು ನೂಕುನುಗ್ಗಲಿನಲ್ಲೂ ಅವನ ಬಲಕ್ಕೆ ಒಬ್ಬರು ಹಿಡಿಸುವಷ್ಟು ಜಾಗ ಖಾಲಿ. ಅವನು ಸರಿದರೆ ಅದೂ ಸರಿಯುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಚೀಲವನ್ನು ಎಡಗೈಗೆ ಹಾಕಿಕೊಂಡು ಕಿಶನ್ ಹೀಗೆಯೇ ನಡೆಯುತ್ತಿದ್ದ. ಅವನು ಒಬ್ಬನೇ ಬರುವುದನ್ನು ಒಮ್ಮೆ ಮೆಟ್ರೋ ನಿಲ್ದಾಣದ ಮೇಲಿನಿಂದ ಕಂಡು, "ಪಕ್ಕದಲ್ಲಿ ಯಾವಳಿಗೆ ರೀ ಜಾಗ ಬಿಟ್ಕೊಂಡು ಬರ್ತಿದ್ರಿ?" ಎಂದು ಇವಳು ಕಾಲೆಳೆದಿದ್ದಳು. "ನಿನಗೇ ಮಾರಾಯ್ತಿ. ನೀನು ಇಲ್ಲದಿದ್ರೂ ಕಾಲು ಕೇಳುದಿಲ್ಲ," ಎಂದು ಅವನು ನಕ್ಕಿದ್ದ.

"ಇವ್ರೇ," ಎಂದಳು. "ಸುಮಂತ್, ಇವ್ರೇ ಕಣೋ. ಬದುಕಿದ್ದಾರೆ!" ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

ಅಶ್ರಫ್ ಕೂಡ ಅಲ್ಲಿಯವರೆಗೆ ಮಾತ್ರ ನೋಡಿದ್ದವನು, ನಿಲ್ಲಿಸಲು ಮರೆತ. ಚಿತ್ರ ಓಡುತ್ತಲೇ ಇತ್ತು. ಬಟ್ಟೆ ಅಂಗಡಿಯ ಕಡೆಯಿಂದ ಹಳದಿ ಚೂಡಿದಾರದ ಹೆಂಗಸೊಬ್ಬಳು ಬಂದು, ಆ ಖಾಲಿ ಜಾಗದೊಳಗೆ ಸಲೀಸಾಗಿ ಹೊಕ್ಕು, ಅವನ ತೋಳು ಹಿಡಿದಳು. ಮೇಲೆ ಏನನ್ನೋ ತೋರಿಸಿದಳು. ಅವನು ತಲೆಯೆತ್ತಿದ. ಅಗಲ ಮುಖ, ದಪ್ಪ ಮೀಸೆ, ಕನ್ನಡಕ. ಯಾರೋ. ಯಾರ ಗಂಡನೋ.

ಹೆಂಡತಿಯ ಜೊತೆ ನಡೆದು ರೂಢಿಯಾದ ಎಷ್ಟೋ ಗಂಡಸರು ಹಾಗೆ ಜಾಗ ಬಿಟ್ಟೇ ನಡೆಯುತ್ತಾರೆ, ಅದು ಕಿಶನ್‌ನೊಬ್ಬನ ಗುರುತಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಕಿಶನ್ ಸತ್ತಿದ್ದಾನೆ ಎಂದು ಮೊದಲ ಸಲ ಅನ್ನಿಸಿದ್ದೂ ಆಗಲೇ.

"ತಪ್ಪಾಯ್ತು ಮೇಡಂ. ನಿಮ್ಮನ್ನು ಕರೆಸಬಾರದಿತ್ತು," ಎಂದು ಅಶ್ರಫ್ ಮೌಸಿಗೆ ಕೈ ಹಾಕಿದ.

"ಮುಚ್ಬೇಡಿ. ಹಿಂದಕ್ಕೆ ಹಾಕಿ. ಆಕೆ ಬರೋಕೆ ಮುಂಚೆ ನಿಲ್ಸಿ."

ಅವನು ನಿಲ್ಲಿಸಿದ. ಯಾರದೋ ನೆತ್ತಿ, ಯಾರದೋ ಭುಜ, ಬಲಕ್ಕೆ ಖಾಲಿ ಜಾಗ. ಅಪೂರ್ವಾ ಕುರ್ಚಿಯನ್ನು ಪರದೆಯ ಬಲಬದಿಗೆ ಎಳೆದುಕೊಂಡು, ಚಿತ್ರದಲ್ಲಿದ್ದವನ ಪಕ್ಕದಲ್ಲಿ ಕೂತಳು.