ಒದ್ದೆ ಬಲೆಯಲ್ಲಿ ಬಂದ ಕಳೆ

ಕೆಳಗಿನ ಕೆರೆಯಲ್ಲಿ ನೀರೇ ಕಾಣುತ್ತಿರಲಿಲ್ಲ. ದಂಡೆಯಿಂದ ದಂಡೆಗೆ ಅಂತರಗಂಗೆ ಕಳೆ. ದೋಣಿ ನಾಲ್ಕು ಮಾರು ಹೋಗುವಷ್ಟರಲ್ಲಿ ಹುಟ್ಟು ಸಿಕ್ಕಿಕೊಳ್ಳುತ್ತಿತ್ತು. ಮೀನುಗಾರನಿಗೆ ಉಳಿದದ್ದು ಮೇಲಿನ ಕೆರೆ ಒಂದೇ. ಅದೂ ಹೋದರೆ ಕಸುಬೇ ಹೋದಂತೆ.

ದೋಣಿಯನ್ನು ಗಾಡಿಗೇರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿದ ಬಲೆಯನ್ನು ಒಳಗೆಸೆದು ಅಲ್ಲಿಗೆ ಹೊರಟ. ಒಣಗಿದರೆ ಬಲೆ ಬಿರುಸಾಗುತ್ತದೆಂದು ಅಪ್ಪನ ಕಾಲದಿಂದ ಒದ್ದೆಯಾಗಿಡುವುದೇ ರೂಢಿ.

ಮೇಲಿನ ಕೆರೆಯ ಕಾವಲಿಗಿದ್ದವಳು ಅವನ ಸ್ವಂತ ತಂಗಿ. ಅಡ್ಡ ನಿಂತಳು.

"ಬಲೆ ಬಿಚ್ಚಣ್ಣ."

"ನನಗೇ ತಪಾಸಣೆನಾ? ನಿನಗೆ ಈಜು ಕಲಿಸಿದೋನು ಕಣೇ ನಾನು!"

"ಅದಕ್ಕೇ ಮರ್ಯಾದೆಯಿಂದ ಕೇಳ್ತಿದೀನಿ. ಬಿಚ್ಚು."

ಬಿಚ್ಚಿದ ಬಲೆಯ ಮಡಿಕೆಯೊಳಗೆ ಬೆರಳುದ್ದದ ಕಳೆಯ ತುಂಡು. ಬೇರೂ ಇತ್ತು, ಹಸಿರೂ ಇತ್ತು.

"ಇಷ್ಟಕ್ಕಾ ಗಲಾಟೆ? ಮೇಕೆಗೆ ಒಂದು ತುತ್ತಿಗೂ ಸಾಲಲ್ಲ."

"ಕೆಳಗಿನ ಕೆರೆಗೂ ಯಾರೂ ಗಾಡಿಗಟ್ಟಲೆ ತಂದು ಸುರೀಲಿಲ್ಲ. ಬಂದಿದ್ದು ಇಷ್ಟೇ. ಬಲೆ, ದೋಣಿ ತೊಳಿ. ತಳದ ನೀರು ಚೆಲ್ಲು. ಐದು ದಿನ ಬಿಸಿಲಲ್ಲಿ ಒಣಗಿಸಿ ತಾ."

"ಐದು ದಿನ ಮನೇಲಿ ಕೂತು ನಿಮ್ಮತ್ತಿಗೆ ಮುಖ ನೋಡ್ಲಾ?"

"ನೋಡಿ ಎಷ್ಟು ವರ್ಷ ಆಯ್ತೋ. ನೋಡು."

ಸಿಡಿಮಿಡಿಗೊಂಡು ತಿರುಗಿದ. ಎರಡೇ ದಿನಕ್ಕೆ ಸಾಯುತ್ತದೆಂದು ತೋರಿಸಲು ಆ ತುಂಡನ್ನು ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಗೆ ಹಾಕಿದ. ಐದು ದಿನ ಗೊಣಗುತ್ತಲೇ ಬಲೆ ಒಣಗಿಸಿದ. ಬಲೆ ಬಿರುಸಾಯಿತು ನಿಜ. ಕೆರೆಗಿಳಿಸಿದ ಸ್ವಲ್ಪ ಹೊತ್ತಿಗೆ ಮೆತ್ತಗಾಯಿತು.

ತಿಂಗಳಾದ ಮೇಲೆ ಹೆಂಡತಿ ಕೂಗಿದಳು: "ರೀ, ನಿಮ್ಮ ತೋಟ ನೋಡ್ಬನ್ನಿ. ಬಟ್ಟೆ ಎಲ್ಲಿ ಅದ್ದಲಿ?"

ತೊಟ್ಟಿಯ ತುಂಬ ಎಲೆ. ಅವನು ಒಂದು ಬೇರೂ ಬಿಡದೆ ಕಿತ್ತ, ಒಣಗಿಸಿ ಸುಟ್ಟ. ಮರುದಿನದಿಂದ ಕೆರೆಯ ದಾರಿಯಲ್ಲಿ ತಂಗಿಯ ಪಕ್ಕ ತಾನೂ ನಿಂತ. "ತಂಗಿನಾದ್ರೂ ವಾಸಿ, ಈ ಅಣ್ಣನ ಕಾಟ ತಡೆಯಕ್ಕಾಗಲ್ಲ" ಎಂದು ಉಳಿದ ಮೀನುಗಾರರು ಬೈದರು. ಬೈಯುತ್ತಲೇ ತೊಳೆದರು, ಒಣಗಿಸಿದರು.

ವರ್ಷ ಕಳೆಯಿತು. ಕೆಳಗಿನ ಕೆರೆಯಲ್ಲಿ ಇನ್ನೂ ಕಳೆ ಕೀಳುತ್ತಿದ್ದಾರೆ. ಮೇಲಿನ ಕೆರೆಯಲ್ಲಿ ಒಂದೇ ಒಂದು ಎಲೆಯಿಲ್ಲ. ಹನ್ನೊಂದು ದೋಣಿ ಒಟ್ಟಿಗೆ ಇಳಿದರೂ ಹುಟ್ಟಿಗೆ ತಡೆಯಿಲ್ಲ. ಬುಟ್ಟಿ ತುಂಬಿಸಿಕೊಂಡು ದಡಕ್ಕೆ ಬಂದವನು ತಂಗಿಗೆ ಕೂಗಿ ಹೇಳಿದ: "ಗೆದ್ವಿ ಕಣೇ!"

ನೀವೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಬಲೆ, ಗಾಳ, ದೋಣಿ ಎಲ್ಲವನ್ನೂ ನೋಡಿ, ತೊಳೆದು, ಒಣಗಿಸಿ. ಮನೆಯ ಗಾಜಿನ ತೊಟ್ಟಿಯ ಮೀನು, ಗಿಡಗಳನ್ನು ಕೆರೆ ಹೊಳೆಗೆ ಬಿಡಬೇಡಿ. ಐದು ದಿನ ಕಾಯುವುದು ಕಷ್ಟವೇ. ಆದರೂ ಕಾಯಿರಿ, ಕೆರೆ ನಿಮ್ಮದು.