ಹಿಮಕ್ಕೆ ಮುಂಚೆ ನೆಟ್ಟ ಪಿಯೋನಿ

ಅರವತ್ತಾರು ವರ್ಷದ ವರ್ನಾ ಸೆಪ್ಟೆಂಬರಿನಲ್ಲಿ ಅರ್ವಿಡ್‌ನನ್ನು ಮದುವೆಯಾಗಿ, ವಿಸ್ಕಾನ್ಸಿನ್ನಿನ ಅವನ ಮನೆಗೆ ಬಂದಳು. ಇಬ್ಬರಿಗೂ ಅದು ಎರಡನೆಯ ಮದುವೆ. ಬಟ್ಟೆಬರೆಗಿಂತ ಜೋಪಾನವಾಗಿ ಅವಳು ತಂದದ್ದು ತನ್ನ ಹಳೆಯ ಹಿತ್ತಿಲಿನ ಪಿಯೋನಿ ಹೂಗಿಡದ ಗೆಡ್ಡೆಗಳನ್ನು.

"ಈ ಸಲದ ಹಿಮ ಬಿದ್ದು ಕರಗಲಿ, ಏಪ್ರಿಲ್‌ನಲ್ಲಿ ನೆಟ್ಟರಾಯ್ತು," ಎಂದ ಅರ್ವಿಡ್.

"ಇವನ್ನ ಚಳಿಗೆ ಮುಂಚೆನೇ ನೆಡಬೇಕು ಮಾರಾಯ. ಬೇರು ಊರ್ಕೊಳ್ಳೋದು ಬೇಡ್ವಾ?"

"ನೋಡೋಣ."

ನೋಡೋಣ ಎಂದವನು ಒಂದು ದಿನ ಸೊಂಟನೋವೆಂದ, ಇನ್ನೊಂದು ದಿನ ಗುದ್ದಲಿಯ ಕಾವು ಸಡಿಲವೆಂದ. ಮೇಪಲ್ ಎಲೆಗಳೆಲ್ಲ ಉದುರಿದವು. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟತೊಡಗಿತು. ವರ್ನಾಳಿಗೆ ಸುಮ್ಮನಿರಲಾಗಲಿಲ್ಲ.

"ಅದು ಸಿಗ್ನೆ ಮಾಡಿದ ತೋಟ ಅಂತ ತಾನೆ? ಬಾಯಿ ಬಿಟ್ಟು ಹೇಳು. ನಾನು ಬೇರೆ ಕಡೆ ನೆಡ್ತೀನಿ." ಸಿಗ್ನೆ ಎಂದರೆ ತೀರಿಕೊಂಡ ಅವನ ಮೊದಲ ಹೆಂಡತಿ.

ಅರ್ವಿಡ್ ಕಾಫಿ ಲೋಟ ಕೆಳಗಿಟ್ಟ. "ಅವಳು ಕಾಯಿಲೆ ಬಿದ್ದ ವರ್ಷ ಇದೇ ಕಾಲದಲ್ಲಿ ಇಬ್ಬರೂ ಕೂತು ಟ್ಯುಲಿಪ್ ನೆಟ್ವಿ. ಕ್ರಿಸ್ಮಸ್ ಹೊತ್ತಿಗೆ ಹೋಗ್ಬಿಟ್ಲು. ಹಿಮ ಕರಗಿದ ಮೇಲೆ ಅವೆಲ್ಲ ಅರಳಿ ನಿಂತ್ವು. ನೋಡೋಕಾಗ್ಲಿಲ್ಲ. ಹುಲ್ಲು ಕತ್ತರಿಸೋ ಮೆಷಿನ್ ತಗೊಂಡು ಎಲ್ಲಾ ಸವರಿಬಿಟ್ಟೆ."

"ಟ್ಯುಲಿಪ್‌ನ?"

"ಹೂಂ. ಪಕ್ಕದ್ಮನೆ ಡಾಗ್ನಿ ಬೇಸಿಗೆ ಪೂರ್ತಿ ನನ್ನತ್ರ ಮಾತಾಡ್ಲಿಲ್ಲ."

ವರ್ನಾಳಿಗೆ ನಗು ಬಂತು, ತಡೆದುಕೊಂಡಳು. ಆದರೆ ಅವನೇ ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ.

"ಈಗ ನೆಟ್ರೆ, ಹೂ ಬರೋ ಹೊತ್ತಿಗೆ ಯಾರಿರ್ತೀವೋ ಅನ್ಸುತ್ತೆ ಕಣೆ."

"ಏಪ್ರಿಲ್‌ನಲ್ಲಿ ನೆಟ್ರೂ ಹಾಗೇ ಅನ್ಸುತ್ತೆ. ಏಳು, ಬೂಟು ಹಾಕ್ಕೋ."

ಅಂದೇ ನೆಟ್ಟರು. ಅವನು ಗುಂಡಿ ತೋಡಿದ. ಆಳ ಹೆಚ್ಚಾಯಿತೆಂದು ಅವಳು ಗೊಣಗುತ್ತ ಮತ್ತೆ ಮಣ್ಣು ತುಂಬಿಸಿದಳು. ಅದೇ ವಾರ ಹಿಮ ಬಿತ್ತು.

ಚಳಿ ಕಳೆದ ಮೇಲೆ ಕೆಂಪು ಮೊಳಕೆಗಳೆದ್ದವು. ಆ ವರ್ಷ ಬರೀ ಎಲೆ. ಮರುವರ್ಷ ಮೇ ಕೊನೆಗೆ, ಊರಿನವರೆಲ್ಲ ತಮ್ಮವರ ಸಮಾಧಿಗೆ ಹೂವಿಡಲು ಹೋಗುವ ದಿನ, ಒಂದೇ ಒಂದು ಹೂ ಬಿರಿಯಿತು. ವರ್ನಾ ಅದನ್ನು ಕೊಯ್ದು, ಇರುವೆಗಳನ್ನು ಕೊಡವಿದಳು.

"ಸಿಗ್ನೆಗೆ ಇಟ್ಟು ಬರೋಣ."

"ಬಿಟ್ಟಿರೋದೇ ಒಂದು ಮಾರಾಯ್ತಿ. ನಿಂಗೆ ಬೇಡ್ವಾ?"

"ಬೆಳಗ್ಗಿಂದ ನೋಡ್ತಾನೇ ಇದ್ದೀನಲ್ಲ. ಕಾರು ತೆಗಿ."

ದಾರಿಯುದ್ದಕ್ಕೂ ಅವಳು ಹೂವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ವಿಡ್ ಎಂದಿಗಿಂತ ನಿಧಾನವಾಗಿ ಓಡಿಸಿದ.