ತೌನೋನ ಅಣಬೆ ಸೂಪು

ಹೆಲ್ಸಿಂಕಿಯ ಬಂದರು ಪೇಟೆಯಲ್ಲಿ ಕಡಲಹಕ್ಕಿಗಳು ಆಡುವಷ್ಟು ಮಾತನ್ನು ಅಲ್ಲಿನ ಜನ ಆಡುವುದಿಲ್ಲ. ಹಕ್ಕಿ ಬಂದು ಕೈಯಲ್ಲಿದ್ದ ಹುರಿದ ಮೀನನ್ನೇ ಕಿತ್ತುಕೊಂಡು ಹೋದರೂ ಒಮ್ಮೆ ಆಕಾಶ ನೋಡಿ, ಕೈ ಒರೆಸಿಕೊಂಡು ಮುಂದೆ ನಡೆಯುತ್ತಾರೆ. ಅಂಥ ಊರಿನಲ್ಲಿ ಮಾತಾಡಿಯೇ ಹೊಟ್ಟೆ ಹೊರೆಯುವವಳು ಐಲಾ. ಪ್ರವಾಸಿಗರನ್ನು ಕಟ್ಟಿಕೊಂಡು ಬಿಳಿ ಚರ್ಚಿನ ಮೆಟ್ಟಿಲು, ಕೋಟೆಯ ದ್ವೀಪ, ಬಂದರು ಪೇಟೆ ಎಲ್ಲ ಸುತ್ತಿಸಿ, ಕೊನೆಗೆ ಕಲ್ಲಿಯೋ ಬಡಾವಣೆಯಲ್ಲಿ ಅಣ್ಣ ತೌನೋ ನಡೆಸುವ ಪುಟ್ಟ ಹೋಟೆಲಿಗೆ ತಂದು ಕೂರಿಸುವುದು ಅವಳ ಕೆಲಸ. ಈ ಊರಿನ ನಿಜವಾದ ಊಟ ಬೇಕಿದ್ದರೆ ಐಲಾಳ ಹಿಂದೆ ಹೋಗಿ ಎಂದು ಬಂದವರೆಲ್ಲ ಹೇಳುತ್ತಿದ್ದರು.

ಮೇ ತಿಂಗಳ ಆ ದಿನ ಅವಳ ಜೊತೆ ಆರು ಜನರಿದ್ದರು. ಅವರಲ್ಲಿ ಪೋರ್ಚುಗಲ್‌ನ ದುಲ್ಸೆ ಎಂಬ ಹೆಂಗಸಿನ ಬಾಯಿಗೆ ಬಿಡುವೇ ಇರಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಮಿದುಳಿನಂತೆ ಸುಕ್ಕುಗಟ್ಟಿದ ಕಂದು ಅಣಬೆಗಳ ರಾಶಿ, ಅದರ ಪಕ್ಕದಲ್ಲೇ ಎಚ್ಚರಿಕೆಯ ಚೀಟಿ ಕಂಡು ಅವಳು ಹೌಹಾರಿದಳು.

"ಏನಮ್ಮಾ ಇದು, ನಿಮ್ಮೂರಲ್ಲಿ ವಿಷಾನೂ ತೂಕಕ್ಕೆ ಹಾಕಿ ಮಾರ್ತೀರಾ?"

"ಹಸಿ ತಿಂದ್ರೆ ವಿಷವೇ," ಎಂದಳು ಐಲಾ. "ತುಂಬಾ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಇನ್ನೊಂದ್ಸಲ ಕುದಿಸ್ಬೇಕು. ಆವಿ ಕೂಡ ಕೆಟ್ಟದ್ದು, ಅದಕ್ಕೇ ಕಿಟಕಿ ತೆಗೆದಿಟ್ಟೇ ಒಲೆ ಹಚ್ಚೋದು. ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು."

"ಇಷ್ಟೆಲ್ಲ ಪಾಡು ಪಡೋ ಬದಲು ಆಲೂಗೆಡ್ಡೆ ತಿನ್ನಬಾರ್ದಾ?"

"ವರ್ಷವಿಡೀ ಅದನ್ನೇ ತಿಂತೀವಲ್ಲ ತಾಯಿ! ವಸಂತದಲ್ಲಾದ್ರೂ ನಾಲಿಗೆಗೆ ಒಂಚೂರು ಸುಖ ಬೇಡ್ವಾ? ಇವತ್ತು ನಮ್ಮಣ್ಣ ಇದರದ್ದೇ ಸೂಪು ಮಾಡಿರ್ತಾನೆ, ಈ ವರ್ಷದ ಮೊದಲ ಸೂಪು. ಕುಡಿದು ಆಮೇಲೆ ಮಾತಾಡಿ."

ನಗುತ್ತಲೇ ಹೇಳಿದಳು. ಹೇಳಿದ ಮೇಲೆ ಅಣ್ಣನ ಚಿಂತೆ ಹತ್ತಿತು. ಚಳಿಗಾಲದಿಂದೀಚೆ ತೌನೋ ಮೊದಲಿನ ತೌನೋ ಆಗಿರಲಿಲ್ಲ. ಮೀನಿನ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಒಮ್ಮೆಯಂತೂ ಎಂದೋ ತೀರಿಕೊಂಡ ಹೆಂಡತಿ ಎಲ್ಲಿ ಹೋದಳೆಂದು ಕೇಳಿ, ಕೇಳಿದ್ದಕ್ಕೆ ತಾನೇ ಬೆಚ್ಚಿಬಿದ್ದು, ಕೆಮ್ಮಿ ಮಾತು ಮರೆಸಿದ್ದ. ಐಲಾ ಎಲ್ಲವನ್ನೂ ನೋಡಿದ್ದಳು, ತುಟಿ ಪಿಟಕ್ಕೆಂದಿರಲಿಲ್ಲ. ಹೊರಗಿನವರ ಮುಂದೆ ದಿನವಿಡೀ ವಟಗುಟ್ಟುವ ಇವಳು ಮನೆಯವರ ಮುಂದೆ ಮಾತ್ರ ಅಪ್ಪಟ ಫಿನ್ಲೆಂಡಿನವಳು. ಒಬ್ಬರ ಕುಂದನ್ನು ಅವರ ಮುಖದ ಮೇಲೆ ಆಡಬಾರದು, ನೋಡಿಯೂ ನೋಡದ ಹಾಗಿರಬೇಕು. ಅದೇ ಪ್ರೀತಿ, ಅದೇ ಮರ್ಯಾದೆ. ಸುಡುಗಾಡು ಮರ್ಯಾದೆ!

ಎಲ್ಲರೂ ಹೋಗಿ ಕೂತಾಗ ಮೇಜಿನ ಮೇಲೆ ಖಾಲಿ ಬಟ್ಟಲುಗಳು ಸಾಲಾಗಿದ್ದವು. ಐಲಾ ನೇರ ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ಕೆನೆ ಹಾಕಿದ ಸೂಪು ಗಮ್ಮೆನ್ನುತ್ತಿತ್ತು. ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಚಳಿಗಾಲದಲ್ಲಿ ಗಾಳಿ ನುಗ್ಗದಿರಲೆಂದು ಸಂದಿಗೆ ಅಂಟಿಸಿದ್ದ ಕಾಗದದ ಪಟ್ಟಿ ಹಾಗೇ ಇತ್ತು. ಅಣಬೆ ಕುದಿಸಲೆಂದೇ ಇಟ್ಟಿದ್ದ ದೊಡ್ಡ ಪಾತ್ರೆ ಗೂಟದಲ್ಲಿ ಧೂಳು ಹಿಡಿದು ನೇತಾಡುತ್ತಿತ್ತು.

"ಅಣ್ಣಾ, ಅಣಬೆ ಕುದಿಸಿದ್ಯಾ?"

"ಮತ್ತೇನು, ಹಸೀದು ಹಾಕ್ತಾರಾ?"

"ಎರಡು ಸಲ?"

ತೌನೋ ಸೌಟು ಕೆಳಗಿಟ್ಟ. "ನಿನಗೆ ಮೂಗು ಒರೆಸ್ಕೊಳ್ಳೋಕೆ ಬರ್ದೇ ಇದ್ದಾಗಿಂದ ಇದನ್ನ ಬೇಯಿಸ್ತಿದ್ದೀನಿ. ಹೋಗು, ನಿನ್ನ ಜನಕ್ಕೆ ಚರ್ಚಿನ ಕಥೆ ಹೇಳ್ಕೊಂಡು ಕೂತಿರು."

"ಕಿಟಕಿ ಪಟ್ಟಿ ಕಿತ್ತೇ ಇಲ್ವಲ್ಲ."

"ಚಳಿ ಇತ್ತು."

"ನನ್ನ ಮುಖ ನೋಡಿ ಹೇಳಣ್ಣಾ."

ಅವನು ನೋಡಲಿಲ್ಲ. ಹೊರಗಿನಿಂದ ದುಲ್ಸೆ ಚಮಚದಿಂದ ಬಟ್ಟಲು ಬಡಿದು, "ವಿಷ ಇನ್ನೂ ಬೆಂದಿಲ್ವೇನಮ್ಮಾ?" ಎಂದು ಕೂಗಿದಳು. ಉಳಿದವರು ಗೊಳ್ಳೆಂದು ನಕ್ಕರು. ತೌನೋನ ಕಿವಿ ಕೆಂಪಾಯಿತು.

"ನನ್ನ ಮೇಲೆ ನಂಬಿಕೆ ಇಲ್ಲ ಅಲ್ವಾ? ನೋಡು, ನಾನೇ ಮೊದಲು ಕುಡೀತೀನಿ," ಎಂದು ಸೌಟು ತುಂಬ ಸೂಪು ತೆಗೆದು ಬಾಯಿಗೆ ತಂದ. ಐಲಾ ಅವನ ಕೈಗೆ ಬಲವಾಗಿ ಹೊಡೆದಳು. ಸೌಟು ಗೋಡೆಗೆ ಬಡಿದು ಕೆಳಗೆ ಬಿತ್ತು. ಚಿಕ್ಕಂದಿನಿಂದ ಅಣ್ಣನಿಗೆ ಎದುರು ನಿಂತು ಒಂದು ಮಾತೂ ಆಡದವಳು ಅವನ ಮೇಲೆ ಕೈ ಮಾಡಿದ್ದಳು.

ತೌನೋ ನೆಲದ ಮೇಲಿನ ಸೂಪನ್ನೇ ನೋಡುತ್ತ ನಿಂತ.

"ಯಾವಾಗಿಂದ ಗೊತ್ತು ನಿನಗೆ?"

"ಚಳಿಗಾಲದಿಂದ."

"ನನಗೂ ಆಗಿಂದಾನೇ ಅನುಮಾನ. ನೀನೇನೂ ಹೇಳ್ಲಿಲ್ಲ. ನೀನೇ ಹೇಳ್ತಿಲ್ಲ ಅಂದ್ಮೇಲೆ ಏನೂ ಆಗಿರಲಿಕ್ಕಿಲ್ಲ ಅಂದ್ಕೊಂಡೆ." ಅವನು ಅವಳ ಕಡೆ ತಿರುಗಿದ. "ದಿನಾ ಜನರನ್ನ ಕರ್ಕೊಂಡು ಬರ್ತಾನೇ ಇದ್ದೆಯಲ್ಲೇ ಐಲಾ."

"ನಿನ್ನ ಮನಸ್ಸು ನೋಯಿಸಬಾರ್ದು ಅಂತ..." ಎಂದಳು. ಅಣ್ಣನ ಮೇಲಿನ ಕನಿಕರಕ್ಕಿಂತ ತನ್ನ ಮೇಲಿನ ಹೇಸಿಗೆಯೇ ಅವಳಿಗೆ ಹೆಚ್ಚಾಗಿತ್ತು.

"ಕುದಿಸಿದ್ನೋ ಇಲ್ವೋ, ದೇವರಾಣೆ ನೆನಪಿಲ್ಲ," ಎಂದ ತೌನೋ. ಪಾತ್ರೆಯಲ್ಲಿದ್ದ ಸೂಪನ್ನೆಲ್ಲ ತಾನೇ ಕಸದ ಡಬ್ಬಿಗೆ ಸುರಿದ. ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಐಲಾ ಬೆಳಿಗ್ಗೆ ಪೇಟೆಯಿಂದ ತಂದಿಟ್ಟಿದ್ದ ಚೀಲವನ್ನು ಎತ್ತಿಕೊಂಡು, ಅವಳು ತಡೆಯುವ ಮೊದಲೇ ಹೊರಗೆ ಹೋದ. ಇಷ್ಟು ವರ್ಷಗಳಲ್ಲಿ ಗಿರಾಕಿಗಳ ಮುಂದೆ ನಿಂತು ಮಾತಾಡಿದವನೇ ಅಲ್ಲ ಅವನು.

"ಸೂಪು ಇಲ್ಲ," ಎಂದ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ. "ನನಗೆ ಮರೆವು. ಅಣಬೆ ಕುದಿಸೋದು ಮರ್ತಿರಬಹುದು."

ದುಲ್ಸೆ ಹಿಡಿದಿದ್ದ ಚಮಚವನ್ನು ಸದ್ದಾಗದಂತೆ ಕೆಳಗಿಟ್ಟಳು. ತೌನೋ ಚೀಲವನ್ನು ಬಿಚ್ಚದೆ ಮೇಜಿನ ನಡುವೆ ಇಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಇದರಲ್ಲಿ ಬ್ರೆಡ್ಡಿದೆ, ಉಪ್ಪು ಮೀನಿದೆ. ಪೇಟೆಯವರು ಮಾಡಿದ್ದು," ಎಂದ. "ನಾನು ಕೈ ಹಾಕಿಲ್ಲ. ಧೈರ್ಯವಾಗಿ ತಿನ್ನಿ."